ಇಲಿ ಮೇಡಂ ಬಿಟ್ಟುಹೋದ ಸೇಡು

ನಮ್ಮ ಮೇಡಂ ಯಾರನ್ನೂ ಕ್ಷಮಿಸದೆ ಸತ್ತರು. ಇದನ್ನು ನಾನು ದುಃಖದಿಂದ ಹೇಳುತ್ತಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೇನೆ. ವಾಡಿಯಲ್ಲಿ ಅವರ ಮನೆಯ ಮುಂದೆ ಕೂತ ಹೆಂಗಸರು, “ಕಡೀಗಿ ಎಲ್ಲಾರಿಗೂ ಮಾಫ್ ಮಾಡಿರಬೇಕು ನೋಡ್ರಿ, ಮುಖ ಎಷ್ಟು ಶಾಂತ ಅದ” ಎಂದು ಮಾತಾಡಿಕೊಳ್ಳುತ್ತಿದ್ದರು. ಪಕ್ಕದಲ್ಲೇ ಇದ್ದ ಮೇಡಂ ಅವರ ತಂಗಿ ನನ್ನ ಕಿವಿಯ ಹತ್ತಿರ ಬಂದು, “ಮಾಫ್ ಅಂತ! ಮೊನ್ನಿ ಹಾಲಿನವಂಗ ಬೈದು ಕಳಸ್ಯಾಳ. ಅವ ನೀರು ಬೆರಸಿದ್ದು ಹೋದ ವರ್ಷ ರಂಜಾನದಾಗ” ಎಂದಳು. ಅಳುತ್ತಿದ್ದವಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ನೋಡಿದವರು ನಾನು ಇನ್ನೂ ಜೋರಾಗಿ ಅಳುತ್ತಿದ್ದೇನೆ ಅಂದುಕೊಂಡರು.

ಅವರು ಚಿತ್ತಾಪುರದ ಕಾಲೇಜಿನಲ್ಲಿ ನಮಗೆ ಪಿಯುಸಿಗೆ ಜೀವಶಾಸ್ತ್ರ ಕಲಿಸಿದವರು. ಹುಟ್ಟಿದ್ದು ಶಹಾಬಾದ್, ಮನೆ ವಾಡಿ, ನೌಕರಿ ಚಿತ್ತಾಪುರ. ದಿನಾ ರೈಲಿನಲ್ಲಿ ಬರುತ್ತಿದ್ದರು. ತೆಳ್ಳಗಿನ ಮೈ, ದಪ್ಪ ಗಾಜಿನ ಕನ್ನಡಕ, ಸಿಮೆಂಟಿನ ಪುಡಿ ಕೂತು ಕೂತು ಬಣ್ಣವೇ ಗೊತ್ತಾಗದ ಛತ್ರಿ. ಯಾರಿಗಾದರೂ ಚುಚ್ಚುವ ಮಾತು ಆಡಬೇಕಾದರೆ ಮೊದಲು ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ನಿಧಾನವಾಗಿ ಒರೆಸುತ್ತಿದ್ದರು. ಅವರು ಒರೆಸಲು ಶುರು ಮಾಡಿದರೆ ಹಿಂದಿನ ಬೆಂಚಿನವರು ಕೂಡ ನೆಟ್ಟಗೆ ಕೂರುತ್ತಿದ್ದರು.

ಹುಡುಗರು ಅವರಿಗಿಟ್ಟ ಹೆಸರು ‘ಇಲಿ ಮೇಡಂ’. ಕಾಲೇಜಿನ ನೌಕರಿಗೆ ಬರುವ ಮೊದಲು ಅವರು ವಿಶ್ವವಿದ್ಯಾಲಯದಲ್ಲಿ ಇಲಿ ಸಾಕಿಕೊಂಡು ಸಂಶೋಧನೆ ಮಾಡುತ್ತಿದ್ದರಂತೆ. ಬಸುರಿ ಇಲಿಗಳಿಗೆ ಮದ್ಯ ಕುಡಿಸಿದರೆ ಹೊಟ್ಟೆಯಲ್ಲಿರುವ ಮರಿಗಳ ಮೆದುಳು ಏನಾಗುತ್ತದೆ ಅನ್ನುವುದೇ ಅವರ ವಿಷಯ. ಸಿಲೆಬಸ್ಸಿನಲ್ಲಿ ಇಲ್ಲದಿದ್ದರೂ ಪ್ರತಿ ವರ್ಷ ಒಂದು ಕ್ಲಾಸು ಅದಕ್ಕೇ ಮೀಸಲು. ಬೋರ್ಡಿನ ಮೇಲೆ ಎರಡು ಮೆದುಳು ಬರೆಯುತ್ತಿದ್ದರು. ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದರ ಹಿಂಭಾಗದಲ್ಲಿ, ಮೈಯ ಸಮತೋಲ ಕಾಯುವ ಕಿರುಮೆದುಳಿನ ಜಾಗದಲ್ಲಿ, ಸೀಮೆಸುಣ್ಣದಿಂದ ಕುಟ್ಟುತ್ತಿದ್ದರು.

“ಹೊರಗಿಂದ ನೋಡಿದ್ರ ಮರಿ ಛಲೋನೇ ಇರ್ತಾವ. ಬಾಲ ಅದ, ಮೀಸಿ ಅದ, ಎಲ್ಲಾ ಅದ. ಒಂದು ಕೋಲಿನ ಮ್ಯಾಲ ನಡಸ್ರಿ, ಉರುಳಿ ಬೀಳ್ತಾವ. ಒಂದು ದಾರಿ ಕಲಸ್ರಿ, ನಾಳಿಗಿ ಮರೀತಾವ. ಮತ್ತ ಕಲಸ್ರಿ, ಮತ್ತ ಮರೀತಾವ. ತಾಯಿ ಹೊಟ್ಟ್ಯಾಗ ಇದ್ದಾಗ ತಲಿ ಕಟ್ಟೋ ಹೊತ್ತಿನಾಗ ದಾರೂ ಬಂದು ಕುಂತದ. ತಪ್ಪು ಮರೀದಾ?”

“ಇಲ್ರಿ ಮೇಡಂ” ಎಂದು ಎಲ್ಲರೂ ಕೂಗಬೇಕಿತ್ತು.

“ತಾಯೀದಾ?”

ಇಲ್ಲಿ ಅರ್ಧ ಕ್ಲಾಸು ಹೌದು ಅನ್ನುತ್ತಿತ್ತು. ಆಗ ಕನ್ನಡಕ ಕೆಳಗಿಳಿಯುತ್ತಿತ್ತು. “ಬೇವಕೂಫರಾ, ಇಲಿ ಹೋಗಿ ಅಂಗಡ್ಯಾಗ ಬಾಟ್ಲಿ ತಂದಿತ್ತೇನು? ಕುಡಿಸಿದವರು ಯಾರು? ಕುಡಿಸಿದವರ ಹೆಸರು ಕೇಳ್ರಿ ಮೊದ್ಲು.”

ಒಮ್ಮೆ ಒಬ್ಬಳು ಕೇಳಿಯೇಬಿಟ್ಟಳು, ಯಾರು ಮೇಡಂ ಎಂದು. ಅವರು ಕಿಟಕಿಯ ಕಡೆ ನೋಡಿ, “ನಾನೇ” ಎಂದರು. ಆಮೇಲೆ, “ಅದಕ್ಕೇ ಹೇಳಾಕತ್ತೀನಿ. ತಿಳಕೊಂಡಿದ್ದು ಹೇಳ್ದೆ ಕುಂತ್ರ ಆ ತಾಯಂದ್ರು ಖಾಲಿ ಪೀಲಿ ಸತ್ತಂಗ ಆಗ್ತದ” ಎಂದು ಬೋರ್ಡು ಒರೆಸಿದರು. ಅವರ ಮನೆಯಲ್ಲಿ ಇಲಿಯ ಬೋನು, ಇಲಿಪಾಷಾಣ ಯಾವುದೂ ಇರಲಿಲ್ಲ. ಅಕ್ಕಿಯ ಡಬ್ಬಿಗೆ ಗಟ್ಟಿ ಮುಚ್ಚಳ ಹಾಕಿ ಸುಮ್ಮನಾಗುತ್ತಿದ್ದರು.

ಆ ಸಂಶೋಧನೆಯನ್ನು ಅವರ ಗೈಡು ನುಂಗಿಹಾಕಿದ. ವರ್ಷಗಟ್ಟಲೆ ಪಂಜರ ತೊಳೆದವರು ಇವರು, ಹೆಸರು ಮಾಡಿಕೊಂಡವನು ಅವನು. ಇವರು ಜಗಳಾಡಲಿಲ್ಲ, ಅರ್ಜಿ ಬರೆಯಲಿಲ್ಲ, ನೌಕರಿ ಹಿಡಿದು ಊರಿಗೆ ಬಂದರು. ಕಾಯುತ್ತ ಕೂತರು. ಆ ಮನುಷ್ಯ ನಿವೃತ್ತನಾದ ದಿನ ದೊಡ್ಡ ಸನ್ಮಾನ ಇಟ್ಟುಕೊಂಡಿದ್ದರು. ಮೇಡಂ ರೇಷ್ಮೆ ಸೀರೆ ಉಟ್ಟುಕೊಂಡು ಹೋದರು. ಜರತಾರಿ ಕಾಗದ ಸುತ್ತಿದ ದೊಡ್ಡ ಡಬ್ಬಿಯನ್ನು ವೇದಿಕೆಯ ಮೇಲೆಯೇ ಕೈಗೆ ಕೊಟ್ಟು, “ಇಲ್ಲೇ ಬಿಚ್ರಿ ಸರ್, ಶಿಷ್ಯೆಯ ಆಸೆ” ಎಂದರು. ಬಿಚ್ಚಿದರೆ ಒಳಗೆ ಇಲಿ ಪಂಜರ, ಖಾಲಿ. ಏನೂ ಅರ್ಥವಾಗದೆ ಸಭೆ ಚಪ್ಪಾಳೆ ತಟ್ಟಿತು. ಅರ್ಥವಾಗಬೇಕಾದವನಿಗೆ ಆಯಿತು. ಅವನು ಆಮೇಲೆ ಭಾಷಣ ಮಾಡಲಿಲ್ಲವಂತೆ, ನೀರು ಕೇಳಿ ಕುಡಿದು ಕೂತನಂತೆ. ಈ ಕತೆಯನ್ನು ಹೇಳುವಾಗ ಮೇಡಂ ಮುಖ ಎಳೆ ಹುಡುಗಿಯ ಮುಖದಂತಾಗುತ್ತಿತ್ತು.

ಸಣ್ಣ ಸೇಡಿಗೂ ಅಷ್ಟೇ ಶ್ರದ್ಧೆ. ತೊಗರಿ ಬೆಳೆಯುವ ನಾಡಿನಲ್ಲಿ ಕಿರಾಣಿ ಅಂಗಡಿಯವನೊಬ್ಬ ಬೇಳೆಯಲ್ಲಿ ಕಲ್ಲು ಬೆರೆಸಿ ಮಾರುತ್ತಿದ್ದ. ಬೇರೆಯವರಾದರೆ ಅಂಗಡಿ ಬದಲಿಸುತ್ತಾರೆ. ಇವರು ಅಲ್ಲೇ ಕೊಳ್ಳುತ್ತ, ಆರಿಸಿದ ಕಲ್ಲನ್ನು ಡಬ್ಬಿಯಲ್ಲಿ ಕೂಡಿಹಾಕುತ್ತ ಹೋದರು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ, ಅಂಗಡಿ ತುಂಬ ಬೀಗರು ಇರುವಾಗ, ಹೋಗಿ ತಕ್ಕಡಿಯಲ್ಲಿ ಸುರಿದರು. “ತೂಗ್ರಿ ಸೇಠ್. ಇಷ್ಟು ನನಗ ಬ್ಯಾಳಿ ಅಂತ ಕೊಟ್ಟೀರಿ. ಇವತ್ತ ಲಕ್ಷ್ಮೀಗಿ ನೈವೇದ್ಯ ಮಾಡ್ರಿ.” ಅವನ ಬೀಗತಿ ಅಲ್ಲೇ ಕಿಸಕ್ಕೆಂದಳಂತೆ.

ನಾನು ಕೇಳಿದ್ದೆ, “ಇಷ್ಟು ಸಿಟ್ಟು ಇಟ್ಕೊಂಡ್ರ ನಿಮಗ ಸಂಕಟ ಆಗಂಗಿಲ್ಲೇನ್ರಿ ಮೇಡಂ?”

“ನನಗ ಯಾಕ ಸಂಕಟ? ಅವರಿಗಿ ಆಗಬೇಕು” ಎಂದರು.

ಮದುವೆಯಾಗಿ ನಾನು ದಂಡೋತಿಗೆ ಬಂದೆ. ಗಂಡನ ಮನೆ ಟಗರಿನ ಮನೆ. ನನ್ನ ಮಾವ ಸಾಕಿದ ಕಾಳಗದ ಟಗರು ಅಂದರೆ ಸೇಡಂ, ಚಿಂಚೋಳಿ ಕಡೆಯವರೆಗೂ ಹೆಸರಿತ್ತು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಬರುವ ಭಾವ, ಭಾವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಅವಳ ಮಗ ಶರಣು.

ಶರಣುವನ್ನು ಮೊದಲ ದಿನವೇ ಕಣ್ಣು ಕೀಳದೆ ನೋಡಿದೆ. ವಯಸ್ಸಿಗೆ ಹೋಲದಷ್ಟು ಸಣ್ಣ ಮೈ, ಸಣ್ಣ ತಲೆ, ತೆಳ್ಳಗೆ ಗೆರೆ ಎಳೆದಂಥ ಮೇಲ್ತುಟಿ. ನಕ್ಕರೆ ಮನೆಯೆಲ್ಲ ನಗುವಂಥ ಹುಡುಗ. ಬೆಳಿಗ್ಗೆ ಕಲಿಸಿದ ಅಕ್ಷರ ಸಂಜೆಗೆ ಇಲ್ಲ. ಹೊಲಕ್ಕೆ ಹೋಗುವ ದಾರಿ ತಿಂಗಳುಗಟ್ಟಲೆ ತೋರಿಸಿದರೂ ಹಳ್ಳದ ಹತ್ತಿರ ನಿಂತು ಅಳುತ್ತಿದ್ದ. ಊರವರ ಎದುರಿಗೇ ಮಾವ ಹೇಳುತ್ತಿದ್ದರು, “ನಮ್ಮ ಖಾನದಾನದಾಗ ಇಂಥಾದ್ದು ಹುಟ್ಟಿಲ್ಲ. ಇದು ಗುಂಡಗುರ್ತಿ ರಕ್ತ.” ಗುಂಡಗುರ್ತಿ ಅಕ್ಕನ ತವರು. ಅಕ್ಕ ರೊಟ್ಟಿ ಬಡಿಯುತ್ತ ತಲೆ ಎತ್ತುತ್ತಿರಲಿಲ್ಲ. ಬಡಿಯುವ ಸದ್ದು ಮಾತ್ರ ಜೋರಾಗುತ್ತಿತ್ತು.

ಆ ಮನೆಯ ರೂಢಿ ನನಗೆ ಗೊತ್ತಾದದ್ದು ನಾನು ಬಸುರಾದ ಮೇಲೆ. ಕಾಳಗದ ತಳಿಯ ಕುರಿಗಳು ಗಬ್ಬವಾದರೆ ಮಾವ ಅವುಗಳಿಗೆ ದಿನಾ ‘ಮದ್ದು’ ಹಾಕುತ್ತಿದ್ದರು. ಮದ್ದು ಅಂದರೆ ಸಾರಾಯಿ, ಅದಕ್ಕೆ ಬೆಲ್ಲ, ಮೆಣಸು, ಅಜವಾನ. ಹೊಟ್ಟೆಯಲ್ಲಿರುವಾಗಲೇ ಸಾರಾಯಿ ರುಚಿ ನೋಡಿದ ಮರಿ ಅಂಜುವುದಿಲ್ಲ, ಅಖಾಡದಲ್ಲಿ ಹಿಂದೆ ಸರಿಯುವುದಿಲ್ಲ ಅನ್ನುವುದು ಅವರ ಲೆಕ್ಕ. ಟಗರಿಗೆ ಧೈರ್ಯ ಕೊಡುವುದು ಮೊಮ್ಮಗನಿಗೂ ಕೊಡಬೇಕಲ್ಲ! ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಅದೇ ಕೈಯಿಂದ, ಅದೇ ಗಡಿಗೆಯಲ್ಲಿ ಕಲಸಿ ಸೊಸೆಯ ಲೋಟಕ್ಕೂ ಸುರಿಯುತ್ತಿದ್ದರು. “ದಾರೂ ಅಲ್ಲ ಯವ್ವಾ ಇದು, ಮದ್ದು. ನಿಮ್ಮತ್ತಿನೂ ಕುಡದಾಳ” ಎನ್ನುತ್ತಿದ್ದರು. ಸತ್ತವಳನ್ನು ಕೇಳುವುದು ಹೇಗೆ? ಅಕ್ಕ ಹೊಸ ಸೊಸೆಯಾಗಿದ್ದಾಗ ಆ ಮದ್ದನ್ನು ಹೆರುವ ದಿನದವರೆಗೂ ಕುಡಿದಿದ್ದಳು.

ಲೋಟ ಮೂಗಿನ ಹತ್ತಿರ ಬಂದ ಕೂಡಲೇ ನನಗೆ ಬೋರ್ಡಿನ ಮೇಲಿನ ಎರಡು ಮೆದುಳು ಕಂಡವು. ಬಚ್ಚಲಿಗೆ ಹೋಗಿ ಚೆಲ್ಲಿ ಬಂದೆ. ಮರುದಿನವೂ ಚೆಲ್ಲಿದೆ. ಬಚ್ಚಲಿನ ವಾಸನೆ ಮಾವನಿಗೆ ಗೊತ್ತಾಗಿಹೋಯಿತು. “ನಾಳಿಂದ ನನ್ನ ಕಣ್ಣ ಮುಂದ ಕುಡೀಬೇಕು” ಎಂದರು. ಗಂಡನ ಕಡೆ ನೋಡಿದೆ. ಅವನು ಟಗರಿನ ಕೊಂಬಿಗೆ ಎಣ್ಣೆ ಹಚ್ಚುವುದರಲ್ಲಿ ಮುಳುಗಿಹೋಗಿದ್ದ. ಅವ್ವನಿಗೆ ಫೋನು ಮಾಡಿದರೆ, “ಹಿರೇರು ಅದಾರ, ಹೊಂದ್ಕೊಂಡು ಹೋಗು” ಎಂದಳು. ಬೆಳಗಾದ ಮೇಲೆ ದವಾಖಾನೆಗೆ ಅಂತ ಸುಳ್ಳು ಹೇಳಿ ವಾಡಿಯ ಬಸ್ಸು ಹತ್ತಿದೆ.

ಮೇಡಂ ಬಾಗಿಲಲ್ಲೇ ಕೇಳಿದರು, “ಹೊಟ್ಟಿಗಿ ಎಷ್ಟು ಹೋಗ್ಯಾದ?”

“ಒಂದು ಹನಿನೂ ಇಲ್ರಿ.”

“ಶಾಬಾಸ್. ಒಳಗ ಬಾ, ಕುಂದ್ರು. ಈಗ ಅಳಬ್ಯಾಡ, ಮೊದ್ಲು ಎಲ್ಲಾ ಹೇಳು.”

ಹೇಳಿದೆ. ಹೊಟ್ಟೆಯಲ್ಲೇ ದಾರೂ ತಾಗಿದ ಮಕ್ಕಳಿಗೆ ಮೇಲ್ತುಟಿ ಹಾಗೆ ತೆಳ್ಳಗಿರುತ್ತದಂತೆ; ಶರಣುವಿನ ಮೇಲ್ತುಟಿಯ ಮಾತು ಬಂದಾಗ ಅವರು ಕನ್ನಡಕ ತೆಗೆದರು. ಆದರೆ ಒರೆಸಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟರು.

ಅವತ್ತಿನ ಲೋಟವನ್ನು ವಾಂತಿಯ ನೆಪ ಹೇಳಿ ತಪ್ಪಿಸಿಕೊಂಡೆ; ಮರುದಿನವೇ ಮೇಡಂ ದಂಡೋತಿಗೆ ಬಂದರು. ಬಂದವರು ಮಾವನಿಗೆ ಬುದ್ಧಿ ಹೇಳಲಿಲ್ಲ. ಬಗ್ಗಿ ನಮಸ್ಕಾರ ಮಾಡಿ, “ನಮ್ಮ ಅಬ್ಬಾಗ ಟಗರಿನ ಹುಚ್ಚು ಭಾಳ ಇತ್ರಿ. ನಿಮ್ಮ ಹೆಸರು ಕೇಳಿ ಬಂದೀನಿ, ಒಂದೀಟು ತೋರಸ್ರಿ” ಎಂದರು. ಅವರ ಅಬ್ಬಾ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಗುಮಾಸ್ತರಾಗಿದ್ದವರು, ಕುರಿಯ ಹಿಕ್ಕೆ ತುಳಿದರೂ ಕಾಲು ತೊಳೆಯುತ್ತಿದ್ದವರು. ಮಾವ ಮಾತ್ರ ಕರಗಿ ನೀರಾದರು. ಇಡೀ ಬೆಳಗು ಕೊಟ್ಟಿಗೆ ತೋರಿಸಿದರು, ಮದ್ದಿನ ಗಡಿಗೆಯನ್ನೂ ತೋರಿಸಿದರು. ಮೇಡಂ ಆಹಾ ಓಹೋ ಅನ್ನುತ್ತ ಒಂದೊಂದೇ ಮಾತು ಹೊರಗೆಳೆದರು.

ಮಾವನಿಗೂ ಒಳಗೊಂದು ದುಃಖವಿತ್ತು. ಈಚೆಗೆ ಅವರ ಟಗರುಗಳು ಸೋಲತೊಡಗಿದ್ದವು. ತಿರುಗುವಾಗ ತಮ್ಮ ಕಾಲಿಗೆ ತಾವೇ ಎಡವುತ್ತಿದ್ದವು, ಎದುರಾಳಿಯನ್ನು ಬಿಟ್ಟು ಗೂಟಕ್ಕೆ ಹಾಯುತ್ತಿದ್ದವು. ಹುಟ್ಟಿದ ಮರಿ ಎದ್ದು ಮೊಲೆಗೆ ಹೋಗುವುದಕ್ಕೇ ತಿಣುಕುತ್ತಿತ್ತು.

“ಯಾರೋ ಮಾಟ ಮಾಡ್ಯಾರ್ರಿ ಬಾಯಿ. ಇಲ್ಲಾ ಅಂದ್ರ ಈ ಹಿರೀ ಸೊಸಿ ಕಾಲ್ಗುಣ” ಎಂದರು.

“ಅಚ್ಛಾ! ಮತ್ತ ನೀವು ಏನು ಮಾಡಿದ್ರಿ?”

“ಇನ್ನೇನು ಮಾಡೋದ್ರಿ, ಧೈರ್ಯ ಸಾಲಂಗಿಲ್ಲ ಅಂತ ಮದ್ದು ಜಾಸ್ತಿ ಮಾಡೀನಿ. ಮೊದ್ಲಿಗಿ ಅರ್ಧ ಲೋಟ ಇತ್ತು, ಈಗ ತುಂಬ ಲೋಟ. ಸಣ್ಣ ಸೊಸೀಗಿನೂ ಹಂಗೇ ಕೊಡಬೇಕು ಅಂತ ಅದ.”

ಮೇಡಂ ಗೋಣು ಹಾಕಿದರು. ಅವರು ಪರ್ಸಿನಿಂದ ದವಾಖಾನೆಯ ಕಬ್ಬಿಣದ ಮಾತ್ರೆಗಳನ್ನು ತೆಗೆದು, “ಸಣ್ಣ ಸೊಸೀಗಿ ಇದು ಕೊಡ್ರಿ, ಭಾಳ ಜೋರ್ ಅದ. ಆದ್ರ ಇದರ ಮ್ಯಾಲ ನಿಮ್ಮ ಮದ್ದು ಬಿತ್ತಂದ್ರ ವಿಷ ಆಗ್ತದ. ನೀವು ಹೇಳಿದ್ರಲ್ಲ, ಆ ಟಗರಿನ ಮರಿ ನೋಡೋ ದಿನಾ ಆಗಲಿ, ಆಮ್ಯಾಲ ನೋಡೋಣು” ಎಂದರು. ಮಾವ ಮಾತ್ರೆಗಳನ್ನು ಕಣ್ಣಿಗೊತ್ತಿಕೊಂಡರು. ಅಂಥ ಹಸಿ ಸುಳ್ಳನ್ನು ಅಷ್ಟು ಮರ್ಯಾದೆಯಿಂದ ಹೇಳಿದವರನ್ನು ನಾನು ಮತ್ತೆ ನೋಡಿಲ್ಲ.

ಹೋಗುವ ಮುಂದೆ ಹಿತ್ತಲಿಗೆ ಬಂದು ಅಕ್ಕನನ್ನು ಮಾತಾಡಿಸಿದರು. ಮದ್ದು ಕುಡಿಯದ ಕುರಿ ಈ ತಳಿಯಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿದರು. ಅಕ್ಕ ಪಡಸಾಲೆಯ ಕಡೆ ಒಮ್ಮೆ ನೋಡಿ, “ಒಂದದ್ರಿ” ಎಂದಳು. ನಮ್ಮ ಕಡೆ ಕುರಿಯನ್ನು ಪಾಲಿಗೆ ಕೊಡುವ ಪದ್ಧತಿ ಇದೆ. ಸಾಕುವುದು ಅವರು, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಬೀಗತನದ ನೆಪಕ್ಕೆ ಮಾವ ಇದೇ ತಳಿಯ ಒಂದು ಕುರಿಯನ್ನು ಅಕ್ಕನ ಅಪ್ಪನಿಗೆ ಪಾಲಿಗೆ ಕೊಟ್ಟಿದ್ದರು. ಮದ್ದಿನ ಪಾಠವನ್ನೂ ಹೇಳಿದ್ದರು. ಆ ಅಪ್ಪ ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಮುಟ್ಟುವವರಲ್ಲ. ಹೂಂ ಅಂದು ಮನೆಗೆ ಹೋಗಿ ಬರೀ ಹೊಟ್ಟು, ಹಿಂಡಿ ಹಾಕಿದ್ದರು. ಹೊಸ್ತಿಲೊಳಗೆ ಸಾರಾಯಿ ಬರುವುದುಂಟೆ? ಗಬ್ಬಕ್ಕೆ ಮಾತ್ರ ಮಾವನ ಟಗರಿನ ಹತ್ತಿರವೇ ಹೊಡೆದುಕೊಂಡು ಬರುತ್ತಿದ್ದರು.

“ಮರಿ ಹ್ಯಾಂಗ ಅದಾವ?”

“ಪುಂಡ ಅದಾವ್ರಿ. ಅಪ್ಪ ಅಂತಾನ, ಹಗ್ಗ ಬಿಚ್ಚಿದ್ರ ಓಣ್ಯಾಗ ಹಿಡಿಸಂಗಿಲ್ಲ ಅಂತ.”

ಮೇಡಂ ಮುಖದಲ್ಲಿ ಪಂಜರದ ಕತೆ ಹೇಳುವಾಗಿನ ನಗು ಬಂತು. “ಯವ್ವಾ, ಅಪ್ಪಾಗ ಹೇಳು. ಮರಿ ನೋಡೋ ದಿನಾ ತಾಯಿ ಮರಿ ಎರಡೂ ತೊಗೊಂಡು ಬರ್ಲಿ” ಎಂದರು.

ಮರಿ ನೋಡುವ ದಿನ ಅಂದರೆ ನಮ್ಮ ಮನೆಯಲ್ಲಿ ಹಬ್ಬ. ಟಗರು ಸಾಕುವವರು ಊರೂರಿನಿಂದ ಬಂದು ಅಂಗಳದಲ್ಲಿ ಕಂಬಳಿಯ ಮೇಲೆ ಕೂರುತ್ತಾರೆ. ಮರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಒಪ್ಪಿಗೆಯಾದವರು ಆ ಮನೆಯ ಚಾ ಕುಡಿಯುತ್ತಾರೆ, ಕುಡಿದರೆ ಮಾತು ಮುಗಿಯಿತು, ಆಮೇಲೆ ಹಿಂದೆ ಸರಿಯುವಂತಿಲ್ಲ. ಅವತ್ತು ಚಿಂಚೋಳಿಯ ಹಿರಿಯರೊಬ್ಬರು ಬಂದಿದ್ದರು. ಟಗರಿನ ವಿಷಯದಲ್ಲಿ ಅವರ ಮಾತು ಸುತ್ತ ಎಲ್ಲರಿಗೂ ಪ್ರಮಾಣ. ಅಕ್ಕನ ಅಪ್ಪ ಟಂಟಂ ಆಟೋದಲ್ಲಿ ಕುರಿ, ಮರಿ ಎರಡನ್ನೂ ಏರಿಸಿಕೊಂಡು ಬಂದು ಮೂಲೆಯಲ್ಲಿ ನಿಂತರು. ಮಾವ ಅವರನ್ನು ಕುಂದ್ರಿ ಎನ್ನಲಿಲ್ಲ.

ಮಾವನೇ ಕರೆದು ಕಂಬಳಿಯ ಮೇಲೆ ಕೂರಿಸಿದ್ದ ಮೇಡಂ ಎದ್ದರು. “ಹಿರೇರೆ, ಕೊಂಬು ಕಾಲು ಎಲ್ಲಾರೂ ನೋಡ್ತೀರಿ. ಇವತ್ತ ತಲಿ ಒಳಗ ಏನದ ನೋಡೋಣು?” ಎಂದು ಹಿರಿಯರನ್ನೇ ಕೇಳಿದರು. ಅವರಿಗೆ ಮೋಜೆನಿಸಿತು, ನಡೀಲಿ ಎಂದರು. ಅಂಗಳದ ನಡುವೆ ಕುರಿಹಟ್ಟಿಯ ಬಲೆ ಕಟ್ಟಿಸಿದರು. ಎರಡೂ ತುದಿ ಖುಲ್ಲಾ. ಬಲೆಯ ಆಚೆ ತಾಯಿ, ಈಚೆ ಮರಿ. ತಾಯಿ ಕಾಣುತ್ತಾಳೆ, ಕೂಗುತ್ತಾಳೆ, ಆದರೆ ನೇರ ಹೋಗಲು ಬರುವುದಿಲ್ಲ. ತಾಯಿಗೆ ಬೆನ್ನು ತಿರುಗಿಸಿ, ತುದಿಯವರೆಗೆ ಹೋಗಿ, ಸುತ್ತಿ ಬರಬೇಕು.

ಮೊದಲು ಗುಂಡಗುರ್ತಿಯ ಮರಿ. ಬಲೆಗೆ ಮೂಗು ತಾಗಿಸಿತು, ಹಾರಲು ನೋಡಿತು, ಆಚೀಚೆ ಓಡಿತು, ತುದಿ ಸಿಕ್ಕಿತು, ಸುತ್ತಿ ಹೋಗಿ ಮೊಲೆಗೆ ಬಿತ್ತು. ಎರಡನೆಯ ಸಲ ಬಿಟ್ಟರೆ ಬಲೆಯ ಹತ್ತಿರವೂ ಹೋಗದೆ ನೆಟ್ಟಗೆ ತುದಿಗೇ ಓಡಿತು. ಜನ ಹೋ ಎಂದರು.

ಆಮೇಲೆ ಮಾವನ ಮರಿ. ಅದೇ ಟಗರಿನ ಮರಿ, ಅದೇ ತಳಿಯ ತಾಯಿ. ತಾಯಿಯ ದನಿ ಕೇಳಿ ಬಂತು, ಬಲೆಗೆ ತಲೆ ಹೊಡೆಯಿತು. ಹಿಂದೆ ಸರಿದು ಅಲ್ಲೇ ಮತ್ತೆ ಹೊಡೆಯಿತು. ಹಿಂಗಾಲು ಒಂದಕ್ಕೊಂದು ಸಿಕ್ಕಿ ಕೂತುಬಿಟ್ಟಿತು. ಮೇಡಂ ಅದನ್ನು ಕೈಯಾರೆ ಎತ್ತಿ ತುದಿಯ ಸುತ್ತ ಒಯ್ದು ತಾಯಿಯ ಹತ್ತಿರ ಬಿಟ್ಟರು, ದಾರಿ ಕಲಿಯಲಿ ಎಂದು. ಮತ್ತೆ ಈಚೆ ತಂದರೆ ಮತ್ತೆ ಅದೇ ಜಾಗದಲ್ಲಿ ತಲೆ ಹೊಡೆಯಿತು. ಬೇರೆ ಮರಿ ತಂದರು, ಅದೂ ಹಾಗೇ. ಆಚೆಯಿಂದ ತಾಯಿ ಕೂಗುತ್ತಲೇ ಇತ್ತು.

ಚಿಂಚೋಳಿಯ ಹಿರಿಯರು ಅಕ್ಕನ ಅಪ್ಪನ ಕಡೆ ತಿರುಗಿದರು. “ಏನು ಹಾಕ್ತೀರಿ ನೀವು ಗಬ್ಬದ ಕುರಿಗಿ?”

“ಹೊಟ್ಟು, ಹಿಂಡಿ, ನೀರ್ರಿ. ನಮ್ಮನ್ಯಾಗ ಇನ್ನೇನದ್ರಿ?”

“ಮದ್ದು?”

“ಶಿವ ಶಿವಾ! ಒಂದು ದಿನಾನೂ ಹಾಕಿಲ್ರಿ.”

ಮೇಡಂ ಮಾವನ ಕಡೆ ತಿರುಗಿ ದುಪಟ್ಟಾದಿಂದ ಕನ್ನಡಕ ಒರೆಸತೊಡಗಿದರು. “ಕೇಳ್ರಿ ಗೌಡ್ರ. ತಾಯಿ ಹೊಟ್ಟ್ಯಾಗ ಮರಿ ತಲಿ ಕಟ್ಟಾಕತ್ತಿರ್ತದ. ಅಲ್ಲಿ ನೀವು ಸಾರಾಯಿ ಸುರುವಿದ್ರಿ. ಮರಿ ಮಂದ ಆಯ್ತು. ಧೈರ್ಯ ಸಾಲಂಗಿಲ್ಲ ಅಂತ ಇನ್ನಷ್ಟು ಸುರುವಿದ್ರಿ. ಮಾಟಾ ಮಾಡ್ದವರು ನೀವೇ ಅದೀರಿ. ನಿಮ್ಮ ತಳೀಗಿ ಕೊಳ್ಳಿ ಇಟ್ಟವರು ನೀವೇ.”

ನನ್ನ ಮಾವ ದಡ್ಡರಲ್ಲ. ಬಲೆಯನ್ನೊಮ್ಮೆ, ಮರಿಯನ್ನೊಮ್ಮೆ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು, ಖರೇ ನೀರು. ಎದ್ದು ಹೋಗಿ ಗಡಿಗೆ ತಂದು ಎಲ್ಲರ ಮುಂದೆ ಕಲ್ಲಿನ ಮೇಲೆ ಒಡೆದರು. “ಇನ್ನ ಈ ಮನ್ಯಾಗ ಒಂದು ಕುರಿಗಿನೂ ಇದು ಬೀಳಬಾರದು” ಎಂದರು.

“ಸೊಸೀಗಿ?” ಎಂದರು ಮೇಡಂ.

ಮಾವ ನೆಲ ನೋಡಿದರು. “ಕುರಿ ಬ್ಯಾರೆ, ಮನಷ್ಯಾರು ಬ್ಯಾರೆ.”

ಆಗ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆ ಹಿಟ್ಟು ಹತ್ತಿತ್ತು. ಗಂಡಸರು ಕೂತ ಅಂಗಳಕ್ಕೆ ಅವಳು ಕಾಲಿಟ್ಟದ್ದನ್ನೇ ನಾನು ನೋಡಿರಲಿಲ್ಲ. ಶರಣುವಿನ ಕೈ ಹಿಡಿದು ಬಲೆಯ ಹತ್ತಿರ ತಂದು ನಿಲ್ಲಿಸಿದಳು. ಅವಳ ಮಾತು ಎಲ್ಲರಿಗೂ ಕೇಳಿಸಿತು.

“ಮಾವಾರ, ಆ ಮರಿ ನೋಡಿ ಕಣ್ಣಾಗ ನೀರು ತಂದ್ರಿ. ಇವನೂ ನಿಮ್ಮ ಮನೀದೇ ಮರಿ. ಇವಂಗೂ ನೀವೇ ಕುಡಿಸೀರಿ, ನನ್ನ ಹೊಟ್ಟ್ಯಾಗಿದ್ದಾಗ. ಇಷ್ಟು ವರ್ಷ ಗುಂಡಗುರ್ತಿ ರಕ್ತ, ಗುಂಡಗುರ್ತಿ ರಕ್ತ ಅಂದ್ರಿ. ಗುಂಡಗುರ್ತಿ ಮರಿ ಅಲ್ಲಿ ಕುಣ್ಯಾಕತ್ತದ, ನೋಡ್ರಿ. ಈಗ ಹೇಳ್ರಿ, ತಪ್ಪು ಯಾರದು?”

ಮಾವ ಗಡಿಗೆಯ ಚೂರುಗಳನ್ನು ಕಾಲಿನಿಂದ ಸರಿಸತೊಡಗಿದರು. ಚಾ ಬಂದಿತ್ತು, ಕಪ್ಪುಗಳು ತಟ್ಟೆಯಲ್ಲಿದ್ದವು. ಚಿಂಚೋಳಿಯ ಹಿರಿಯರು ರುಮಾಲು ತಲೆಗೆ ಸುತ್ತಿಕೊಂಡು ಎದ್ದರು. “ಮರಿ ಬಂದ್ರ ಗುಂಡಗುರ್ತೀಗಿ ಬರ್ತೀವಿ” ಎಂದು ಅಕ್ಕನ ಅಪ್ಪನಿಗೆ ಹೇಳಿ ನಡೆದರು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಒಬ್ಬನೂ ಚಾ ಮುಟ್ಟಲಿಲ್ಲ. ಮೇಡಂ ಮಾತ್ರ ಕಂಬಳಿಯ ನಡುವೆ ಕೂತು ಎರಡು ಕಪ್ಪು ಕುಡಿದು, ಸಕ್ಕರೆ ಕಮ್ಮಿ ಆಗ್ಯಾದ ಎಂದರು. ನನಗೆ ಅವತ್ತಿನಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಬಸ್ಸಿನವರೆಗೆ ಬಿಡಲು ಹೋದಾಗ, “ಸೇಡು ತೀರಿತು ಅಲ್ರಿ ಮೇಡಂ” ಎಂದೆ. ಅವರು ಸಿಟ್ಟಾದರು. “ಎಲ್ಲಿ ತೀರಿತು? ಆ ಹುಡುಗನ ತಲಿ ತಿರುಗಿ ಬಂತೇನು? ನಿಮ್ಮ ಮಾವಂದು ಟಗರಿನ ಹೆಸರು ಹೋಯ್ತು, ಅಷ್ಟೇ. ತಪ್ಪಾಯ್ತು ಅಂದಾನೇನು? ಅನ್ನೋತನಕ ಬಿಡಬ್ಯಾಡ್ರಿ. ಅವಂಗ ಯಾವುದು ಭಾಳ ಬೇಕೋ ಅದನ್ನ ಹಿಡಕೊಂಡು ಕುಂದ್ರಿ.”

ಲೋಟ ಮತ್ತೆ ನನ್ನ ಮುಂದೆ ಬರಲಿಲ್ಲ. ಆ ಮಳೆಗಾಲದಲ್ಲಿ ಮಗಳು ಹುಟ್ಟಿದಳು. ಮೇಡಂ ಶಹಾಬಾದಿನಿಂದ ಮಗುವಿನ ತಲೆಗೆ ಕುಂಚಿಗೆ ಹೊಲಿಸಿಕೊಂಡು ನೋಡಲು ಬಂದರು. ಮಗುವಿನ ಕಣ್ಣ ಮುಂದೆ ಬೆರಳು ಆಡಿಸಿದರು, ಅಂಗೈಯಲ್ಲಿ ತಮ್ಮ ಬೆರಳು ಇಟ್ಟರು. ಅವಳು ಬಿಡದಂತೆ ಹಿಡಿದುಕೊಂಡಳು. “ಹಿಡೀ, ಬಿಡಬ್ಯಾಡ” ಎನ್ನುತ್ತ ಆ ಗಟ್ಟಿ ಹೆಂಗಸು ಅತ್ತುಬಿಟ್ಟರು.

ಮಾವ ಬಾಗಿಲಿಗೆ ಬಂದು ಎರಡೂ ಕೈ ಚಾಚಿದರು. ಅಕ್ಕ ಅಡ್ಡ ನಿಂತಳು. “ಎತ್ಕೋರಿ ಮಾವಾರ, ಯಾರು ಬ್ಯಾಡ ಅಂದಾರ? ‘ಶರಣೂಗ ಹಿಂಗಾಗಿದ್ದು ನಾನು ಕುಡಿಸಿದ ಮದ್ದಿನಿಂದ, ನಿನ್ನ ರಕ್ತದಿಂದ ಅಲ್ಲ’ ಅಂತ ಒಂದು ಮಾತು ಅನ್ರಿ. ಅಂದು ಎತ್ಕೋರಿ.” ಮಾವ ಕೈ ಇಳಿಬಿಟ್ಟು ಹೊರಗೆ ಹೋದರು. ಅಕ್ಕ ಶರಣುವನ್ನು ಕೂರಿಸಿ, ಅವನ ತೊಡೆಯ ಮೇಲೆ ಮಗುವನ್ನು ಇಟ್ಟಳು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೇಡಂ ಮಣ್ಣಾದ ಸುದ್ದಿ ಕೇಳಿ ಮೊನ್ನೆ ಮಾವ ಪಡಸಾಲೆಯ ಹಾಸಿಗೆಯ ಮೇಲೆ ಕೂತಲ್ಲಿಂದಲೇ ನನ್ನನ್ನು ಕರೆದರು. “ಆ ಬಾಯಿನೂ ಹೋದ್ಲು. ನಾನೂ ಇವತ್ತೋ ನಾಳೆಯೋ. ಇನ್ನಾದ್ರೂ ಕೂಸಿಗಿ ನನ್ನ ಬಲ್ಲಿ ಕಳಿಸವಾ” ಎಂದರು. ಮರುಕ ಬಂತೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಬಂದಿರಲಿಲ್ಲ. ಅಕ್ಕನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

“ಅಕ್ಕ ಇಲ್ಲೇ ಅದಾಳ ಮಾವಾರ. ಆ ಮಾತು ಅನ್ರಿ” ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು.